ಪದವಿ ಮತ್ತು ಎಂಪಿಎಚ್ ಒಟ್ಟಿಗೆ: ಫೀ ಕಟ್ಟುವ ಮೊದಲು ನೋಡಬೇಕಾದ್ದು

ನೀಟ್ ರ‍್ಯಾಂಕ್ ಸಿಗದ ಮನೆಗಳಿಂದ ಇತ್ತೀಚೆಗೆ ನನಗೊಂದು ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ. "ಅಕ್ಕಾರ, ಅಮೆರಿಕಾದಾಗ ಐದು ವರ್ಷಕ್ಕ ಡಿಗ್ರೀನೂ ಮುಗಿತೈತಿ, ಪಬ್ಲಿಕ್ ಹೆಲ್ತ್ ಮಾಸ್ಟರ್ಸೂ ಮುಗಿತೈತಿ ಅಂತಾರ. ಹುಡುಗೀನ ಹಚ್ಚೂಣೇನ್ರಿ?"

ನಾನು ಎಂಪಿಎಚ್, ಅಂದರೆ ಆ ಪಬ್ಲಿಕ್ ಹೆಲ್ತ್ (ಸಾರ್ವಜನಿಕ ಆರೋಗ್ಯ) ಮಾಸ್ಟರ್ಸ್ ಓದಿ, ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ತಾಯಿ-ಮಕ್ಕಳ ಆರೋಗ್ಯದ ಕೆಲಸ ಮಾಡುತ್ತಿರುವವಳು. ಈ ಓದಿನ ಮೇಲೆ ನನಗೆ ಬಹಳ ಜೀವ. ಅದಕ್ಕೇ ಹೇಳುತ್ತೇನೆ, ನಾಲ್ಕು ವರ್ಷದ ಪದವಿ, ಎರಡು ವರ್ಷದ ಎಂಪಿಎಚ್ ಬೇರೆ ಬೇರೆ ಮಾಡುವುದಕ್ಕಿಂತ ಒಂದು ವರ್ಷ ಉಳಿಯುತ್ತದೆ ಎಂಬುದೊಂದೇ ಕಾರಣಕ್ಕೆ ಹಚ್ಚಬೇಡಿ. ಎಂಪಿಎಚ್ ಮಾಡಿದವರು ರೋಗಿಗೆ ಔಷಧ ಬರೆದುಕೊಡುವಂತಿಲ್ಲ. ತಪ್ಪಿಹೋದ ಎಂಬಿಬಿಎಸ್‌ಗೆ ಇದು ಬದಲಿ ಎಂದುಕೊಂಡು ಬಂದ ಮಕ್ಕಳು ಎರಡನೇ ಸೆಮಿಸ್ಟರಿಗೇ ಕುಗ್ಗುತ್ತಾರೆ.

ಹಾಗಾದರೆ ಈ ಕೆಲಸ ತನಗೆ ಒಗ್ಗುತ್ತದೋ ಇಲ್ಲವೋ ಹುಡುಗಿಗೆ ಗೊತ್ತಾಗುವುದು ಹೇಗೆ? ಮಳೆಗಾಲದಲ್ಲಿ ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಅನುಮತಿ ಕೇಳಿ, ಕಾಲೇಜಿನಿಂದ ಒಂದು ಪತ್ರ ಒಯ್ದು, ಆಶಾ ಕಾರ್ಯಕರ್ತೆಯ ಜೊತೆ ಲಾರ್ವಾ ಸಮೀಕ್ಷೆಗೆ, ಅಂದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿಹುಳು ಹುಡುಕಲು ಹೋಗಲಿ. ಟಾರ್ಚ್ ಹಿಡಿದು ಬ್ಯಾರಲ್, ಹಂಡೆ, ದನಕ್ಕೆ ನೀರು ಕುಡಿಸುವ ಕಲ್ಲಿನ ದೋಣಿ, ಹಿತ್ತಲಲ್ಲಿ ಬಿದ್ದ ಟೈರು, ಎಲ್ಲದರೊಳಗೂ ಬಗ್ಗಿ ನೋಡಬೇಕು. 50 ಮನೆ ನೋಡಿ 6 ಮನೆಯಲ್ಲಿ ಲಾರ್ವಾ ಸಿಕ್ಕರೆ ಮನೆ ಸೂಚ್ಯಂಕ, ಅಂದರೆ ನೂರಕ್ಕೆ ಇಷ್ಟು ಮನೆ ಎಂಬ ಲೆಕ್ಕ, 12. ಅದೇ 50 ಮನೆಗಳ 9 ಪಾತ್ರೆಗಳಲ್ಲಿ ಸಿಕ್ಕರೆ, ನೂರು ಮನೆಗೆ ಲೆಕ್ಕ ಹಾಕಿ, ಬ್ರೆಟೊ ಸೂಚ್ಯಂಕ 18. ಲೆಕ್ಕ ಇಷ್ಟೇ, ಇದು ಯಾರಿಗಾದರೂ ಬರುತ್ತದೆ. ನಿಜವಾದ ಪರೀಕ್ಷೆ ಆಮೇಲಿನದು. ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ಸುಮಾರು ವಾರ, ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ, ಪಾತ್ರೆ ತಿಕ್ಕಿ ಒಣಗಿಸಿ ಎನ್ನುತ್ತೇವೆ. ನಳ ಎಂಟು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ತುಂಬಿದ ಬ್ಯಾರಲ್ ಚೆಲ್ಲಲು ಯಾವ ತಾಯಿ ಒಪ್ಪುತ್ತಾಳೆ? ಅವಳನ್ನು ಬಯ್ಯದೆ, ಮುಚ್ಚಳವೋ, ಬಟ್ಟೆಯೋ, ನೀರು ಬಿಡುವ ವೇಳಾಪಟ್ಟಿಯೋ ಎಂದು ತಲೆ ಓಡಿಸತೊಡಗಿದರೆ ಆ ಹುಡುಗಿಯನ್ನು ಕಣ್ಣುಮುಚ್ಚಿ ಕಳಿಸಿ.

ಈಗ ಐದು ವರ್ಷದ ಲೆಕ್ಕಕ್ಕೆ ಬರೋಣ. ಅಮೆರಿಕಾದಲ್ಲಿ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ (ಓದನ್ನು ಅಳೆಯುವ ಏಕಮಾನ). ಅಲ್ಲಿನ ಸಾರ್ವಜನಿಕ ಆರೋಗ್ಯ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಮಂಡಳಿ ಸಿಇಪಿಎಚ್. ಅದರ ನಿಯಮದಂತೆ ಎಂಪಿಎಚ್‌ಗೆ ಕನಿಷ್ಠ 42. ಒಟ್ಟು 162. ನಾಲ್ಕನೇ ವರ್ಷ ಓದಿದ 12 ಸ್ನಾತಕೋತ್ತರ ಕ್ರೆಡಿಟ್‌ಗಳನ್ನು ಎರಡೂ ಪದವಿಗೆ ಹಿಡಿದರೆ 150ಕ್ಕೆ ಮುಗಿಯುತ್ತದೆ, ಐದನೇ ವರ್ಷಕ್ಕೆ 30 ಉಳಿಯುತ್ತದೆ. ಎಷ್ಟು ಕ್ರೆಡಿಟ್ ಎರಡೂ ಕಡೆ ಹಿಡಿಯುತ್ತಾರೆ ಎಂಬುದು ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ತರಹ. ಅದನ್ನೇ ಮೊದಲು ಕೇಳಿ, ಉತ್ತರ ಇಮೇಲ್‌ನಲ್ಲೇ ಬರಲಿ. ಏಜೆಂಟರ ಬಾಯಿಮಾತು ನಂಬಬೇಡಿ.

ಪಿಯುಸಿ ಮುಗಿದ ಕೂಡಲೇ ಎರಡೂ ಸೀಟು ಖಾಯಂ ಎಂದು ತಿಳಿಯುವವರು ಬಹಳ. ಹೆಚ್ಚಿನ ಕಡೆ ಮೂರನೇ ವರ್ಷದಲ್ಲಿ ಬೇರೆ ಅರ್ಜಿ ಹಾಕಬೇಕು, ಅಂಕ ಇಷ್ಟಿರಬೇಕು ಎಂಬ ಷರತ್ತು ಇರುತ್ತದೆ. ಸಿಗದಿದ್ದರೆ, ಅಥವಾ ನಡುವೆ ಮನಸ್ಸು ಬದಲಾದರೆ, ಪದವಿಯೊಂದನ್ನೇ ಮುಗಿಸಿ ಹೊರಬರಬಹುದೇ? ಇದಕ್ಕೆ ಹೌದೆಂಬ ಲಿಖಿತ ಉತ್ತರ ಇಲ್ಲದ ಕಡೆ ನಾನಾದರೆ ನನ್ನ ತಂಗಿಯನ್ನು ಕಳಿಸುವುದಿಲ್ಲ. ಇನ್ನೊಂದು, ವಿದ್ಯಾರ್ಥಿ ಯಾವ ಸೆಮಿಸ್ಟರಿನಿಂದ ಸ್ನಾತಕೋತ್ತರ ಎಂದು ದಾಖಲಾಗುತ್ತಾಳೆ? ಅಲ್ಲಿಂದ ಫೀ ದರ ಬದಲಾಗುತ್ತದೆ, ಪದವಿಗೆಂದು ಕೊಟ್ಟ ವಿದ್ಯಾರ್ಥಿವೇತನ ನಿಂತುಹೋಗಬಹುದು. ಬ್ಯಾಂಕಿನಲ್ಲಿ ಸಾಲ ಕೇಳುವಾಗ ಐದನೇ ವರ್ಷದ ಅಂದಾಜನ್ನು ಬೇರೆಯಾಗಿಯೇ ಬರೆಸಿ.

ಇಲ್ಲೇ ಓದುವ ದಾರಿಯೂ ಇದೆ. ಕರ್ನಾಟಕದಲ್ಲಿ 2024ರಲ್ಲಿ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ತಂದರು. ಹೀಗಾಗಿ ಮೂರು ವರ್ಷದ ಪದವಿಯ ಮೇಲೆ ಎರಡು ವರ್ಷದ ಎಂಪಿಎಚ್ ಮಾಡಿದರೂ ಅದೇ ಐದು ವರ್ಷ! ಎಂಪಿಎಚ್‌ಗೆ ವೈದ್ಯರೇ ಆಗಿರಬೇಕೆಂದಿಲ್ಲ. ನರ್ಸಿಂಗ್, ಬಿಡಿಎಸ್, ಬಿಎಎಂಎಸ್ ಓದಿದವರು ಬರುತ್ತಾರೆ, ಎಷ್ಟೋ ಕಡೆ ಬಿಎಸ್‌ಸಿ, ಸಮಾಜಕಾರ್ಯ ಓದಿದವರಿಗೂ ಅವಕಾಶವಿದೆ. ನಮ್ಮ ಬೆಳಗಾವಿಯ ಕೆಎಲ್‌ಇ ವಿಶ್ವವಿದ್ಯಾಲಯದಲ್ಲೇ ಎಂಪಿಎಚ್ ಇದೆ. ದೇಶದಲ್ಲಿ ಈ ಪದವಿಯನ್ನು 1997ರಲ್ಲಿ ಮೊದಲು ಶುರು ಮಾಡಿದ್ದು ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ.

ಈ ನೆಲದಲ್ಲಿ ಕಲಿಯುವುದು ಕಡಿಮೆಯೇನಲ್ಲ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಹೆರಿಗೆಯಾದ 1,620 ತಾಯಂದಿರ ಮೇಲೆ, ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯ ಅಧ್ಯಯನ ನಡೆಯಿತು. ಹೆರಿಗೆ ಮಾಡಿಸಿದ ಎಎನ್‌ಎಂ ಸಿಸ್ಟರ್‌ಗಳೇ ಮಾತ್ರೆ ಕೊಟ್ಟರು. ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಬಿಡದೆ, ತಾಯಿಯ ಕೆಳಗೆ ಅಳತೆ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆ ಹಾಸಿ ಅಳೆದರು. ಹೋಲಿಕೆಗೆಂದು ಕೊಟ್ಟ ಔಷಧವಿಲ್ಲದ ಮಾತ್ರೆ ನುಂಗಿದವರಲ್ಲಿ ಶೇ. 12ರಷ್ಟು ಮಂದಿಗೆ ಅತಿ ರಕ್ತಸ್ರಾವವಾದರೆ, ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ ಶೇ. 6.4. ಫಲಿತಾಂಶ 2006ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಅಚ್ಚಾಯಿತು. ಆ ಹಾಳೆಯ ಗೆರೆ ಯಾಕೆ ಮುಖ್ಯ ಎಂದು ಅರ್ಥವಾದರೆ ಎಪಿಡೆಮಿಯಾಲಜಿಯ, ಅಂದರೆ ಜನರಲ್ಲಿ ರೋಗ ಯಾರಿಗೆ, ಎಷ್ಟು, ಯಾಕೆ ಬರುತ್ತದೆ ಎಂದು ಅಳೆಯುವ ಶಾಸ್ತ್ರದ, ಅರ್ಧ ಪಾಠ ಆದಂತೆ.

ಅಲ್ಲೇ ಓದಲಿ, ಇಲ್ಲೇ ಓದಲಿ, ಕೋರ್ಸಿನಲ್ಲಿ ಕ್ಷೇತ್ರಕಾರ್ಯ ಎಲ್ಲಿ, ಯಾರ ಕೈಕೆಳಗೆ ಎಂದು ಕೇಳಿ. ಬರೀ ಕಂಪ್ಯೂಟರ್ ಮುಂದೆ ಕೂರಿಸಿ ಸರ್ಟಿಫಿಕೇಟ್ ಕೊಡುವ ಕಡೆ ಹೋಗಬೇಡಿ. ಆಮೇಲೆ ಆರೋಗ್ಯ ಇಲಾಖೆ, ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಳೆಯ ನೇಮಕಾತಿ ಪ್ರಕಟಣೆಗಳನ್ನು ತೆಗೆದು ವಿದ್ಯಾರ್ಹತೆಯ ಸಾಲು ಓದಿ. ಕೆಲವು ಹುದ್ದೆಗೆ ಎಂಬಿಬಿಎಸ್ ಜೊತೆಗಿನ ಎಂಪಿಎಚ್ ಬೇಕು, ಬಹುಪಾಲು ಗುತ್ತಿಗೆಯವು. ಇದನ್ನು ಅಪ್ಪ-ಅವ್ವನ ಮುಂದೆ ಕೂತು ಓದಿ, ಅರ್ಜಿ ಹಾಕುವ ಮೊದಲೇ.