ಡಬಲ್ ಬಾಸ್‌ನ ಮೇಲ್ಹಲಗೆ ಬಿಚ್ಚಲು ಆಲ್ಕೋಹಾಲ್

ಹಳೆಯ ಡಬಲ್ ಬಾಸ್‌ನ (ಪಿಟೀಲಿನ ಜಾತಿಯ ದೊಡ್ಡ ತಂತಿವಾದ್ಯ) ಮೇಲ್ಹಲಗೆ ಬಿಚ್ಚುವಾಗ ಚಾಕುವನ್ನು ಜೋರಾಗಿ ತಳ್ಳಬೇಡಿ. ಮೊಂಡು ಅಂಚಿನ ತೆಳು ಪ್ಯಾಲೆಟ್ ಚಾಕುವಿನ ತುದಿಗೆ ಎರಡೇ ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಬೆರಳಿನಿಂದ ತಟ್ಟಿದಾಗ ಪಟಪಟ ಅನ್ನುವ, ಆಗಲೇ ಸಡಿಲವಾಗಿರುವ ಜಾಗದಿಂದ ಶುರುಮಾಡಿ. ಹಲಗೆಯನ್ನು ಅಂಟಿಸಿರುವ ಸರೇಸಿನ (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟು) ತೇವವನ್ನು ಆಲ್ಕೋಹಾಲ್ ಎಳೆದುಕೊಳ್ಳುತ್ತದೆ. ಅಂಟು ಗಾಜಿನಂತೆ ಪೆಡಸಾಗಿ ಟಕ್ಕೆಂದು ಬಿಡುತ್ತದೆ. ಅದಕ್ಕೂ ಮೊದಲು ತಂತಿಗಳನ್ನು ಪೂರ್ತಿ ಸಡಿಲಿಸಿರಬೇಕು, ಇದು ಸುಲಭವಾಗಿ ಮರೆತುಹೋಗುವಂಥದ್ದು. ಚಾಕು ಮರದೊಳಗೆ ನುಗ್ಗಿ ಸಿಬಿರು ಏಳತೊಡಗಿದರೆ ಅಲ್ಲೇ ನಿಲ್ಲಿಸಿ, ಎದುರು ದಿಕ್ಕಿನಿಂದ ಬನ್ನಿ. ಹಿಂದೆ ಯಾರಾದರೂ ಎಪಾಕ್ಸಿ ಅಂಟು ಬಳಸಿ ರಿಪೇರಿ ಮಾಡಿದ್ದರೆ ಈ ಉಪಾಯ ನಡೆಯದು. ಬಿಳಿ ಫೆವಿಕಾಲ್ ಥರದ್ದಾದರೆ ಬಿಸಿ ಚಾಕುವೇ ಗತಿ. ಅರಗಿನ ವಾರ್ನಿಷ್ ಇದ್ದರಂತೂ ಹನಿ ಹೊರಗೆ ಜಾರದಂತೆ ನೋಡಿಕೊಳ್ಳಿ, ತಾಗಿದ ಕಡೆ ಬಣ್ಣ ಕರಗುತ್ತದೆ.