ಅಪ್ರೆಂಟಿಸ್ ಮತ್ತು ಟ್ರೇನಿ: ಕನಿಷ್ಠ ಎಷ್ಟು ಹಣ ಸಿಗಬೇಕು, ಹೇಗೆ ಲೆಕ್ಕ ಹಾಕಬೇಕು?

ಪೀಣ್ಯದ ಕಾರ್ಖಾನೆಯಲ್ಲಾಗಲಿ ವೈಟ್‌ಫೀಲ್ಡ್‌ನ ಕಚೇರಿಯಲ್ಲಾಗಲಿ ತರಬೇತಿಗೆ ಸೇರುವವರು ಮೊತ್ತವನ್ನು ಕೇಳುವುದಕ್ಕಿಂತ ಮೊದಲು, ತಮ್ಮ ಒಪ್ಪಂದವು 1961ರ ಅಪ್ರೆಂಟಿಸ್ ಕಾಯ್ದೆಯಡಿ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆಯೇ ಎಂದು ಕೇಳಬೇಕು. ಉಳಿದ ಲೆಕ್ಕವೆಲ್ಲ ಈ ಉತ್ತರದ ಮೇಲೆ ನಿಂತಿದೆ.

ನೋಂದಣಿಯಾಗಿದ್ದರೆ ನಿಮಗೆ ಸಲ್ಲುವುದು ಸಂಬಳವಲ್ಲ, ಸ್ಟೈಪೆಂಡ್, ಅಂದರೆ ತರಬೇತಿ ಭತ್ಯೆ. 2019ರಲ್ಲಿ ತಿದ್ದುಪಡಿಯಾದ ನಿಯಮಗಳು ಮೊದಲ ವರ್ಷಕ್ಕೆ ತಿಂಗಳಿಗೆ ಕನಿಷ್ಠ ಮೊತ್ತವನ್ನು ಹತ್ತನೇ ತರಗತಿ ಪಾಸಾದವರಿಗೆ 6,000, ಪಿಯುಸಿ ಅಥವಾ ಐಟಿಐ ಮುಗಿಸಿದವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000 ರೂಪಾಯಿ ಎಂದು ನಿಗದಿಪಡಿಸಿದವು. ಎರಡನೇ ವರ್ಷ ಇದಕ್ಕೆ ಶೇ. 10 ಸೇರುತ್ತದೆ, ಅಂದರೆ 6,000 ಇದ್ದದ್ದು 6,600 ಆಗುತ್ತದೆ. ಸಹಿ ಹಾಕುವ ದಿನ ಪೋರ್ಟಲ್‌ನಲ್ಲಿ ಚಾಲ್ತಿಯಲ್ಲಿರುವ ದರವನ್ನು ನೋಡಿಕೊಳ್ಳಿ. ಎಷ್ಟು ಪೀಸ್ ಮಾಡಿದಿರಿ ಎಂಬುದರ ಮೇಲೆ ಹಣ ಕೊಡುವುದನ್ನು ಕಾಯ್ದೆಯ 13ನೇ ಕಲಮು ನಿಷೇಧಿಸುತ್ತದೆ.

ಇಲ್ಲಿ ಅನೇಕರು ಗೊಂದಲಕ್ಕೆ ಬೀಳುತ್ತಾರೆ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಡಿ ಸ್ಟೈಪೆಂಡ್‌ನ ಶೇ. 25ನ್ನು, ಗರಿಷ್ಠ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರವೇ ಅಭ್ಯರ್ಥಿಯ ಖಾತೆಗೆ ಹಾಕುತ್ತದೆ. ಹೀಗಾಗಿ 7,000ಕ್ಕೆ ಒಪ್ಪಿದ ಐಟಿಐ ಹುಡುಗನಿಗೆ ಕಂಪನಿಯಿಂದ 5,500 ಮಾತ್ರ ಬಂದರೆ ಅದು ಮೋಸವಲ್ಲ. ಆದರೆ ಉಳಿದ 1,500 ಬಂದಿದೆಯೇ ಎಂದು ಆಧಾರ್ ಜೋಡಣೆಯಾದ ಖಾತೆಯ ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳೂ ನೋಡಲೇಬೇಕು.

ನೋಂದಣಿಯೇ ಇಲ್ಲದಿದ್ದರೆ ಲೆಕ್ಕ ಬೇರೆ. ಕಾನೂನು ಕನಿಷ್ಠ ವೇತನದ ವ್ಯಾಪ್ತಿಯಿಂದ ಹೊರಗಿಟ್ಟಿರುವುದು 1961ರ ಕಾಯ್ದೆಯಡಿ ಸೇರಿದ ಅಪ್ರೆಂಟಿಸ್‌ಗಳನ್ನೇ ಹೊರತು, ಗುರುತಿನ ಚೀಟಿಯಲ್ಲಿ 'ಟ್ರೇನಿ' ಎಂದು ಮುದ್ರಿಸಿಕೊಂಡವರೆಲ್ಲರನ್ನೂ ಅಲ್ಲ. ಕಾಯಂ ನೌಕರರ ಪಕ್ಕದ ಯಂತ್ರದಲ್ಲೇ ಪೂರ್ತಿ ಶಿಫ್ಟ್ ದುಡಿಸಿಕೊಂಡು, ಕಲಿಸುವ ಗೋಜಿಗೇ ಹೋಗದ ಮಾಲೀಕರು ಆ ಪದದ ಮರೆಯಲ್ಲಿ ಕಡಿಮೆ ಕೊಡುತ್ತಿದ್ದರೆ, ರಾಜ್ಯ ಸರ್ಕಾರ ಆ ಕೆಲಸಕ್ಕೆ ನಿಗದಿಪಡಿಸಿದ ಕನಿಷ್ಠ ವೇತನವನ್ನು ಕೇಳಲು ಬಲವಾದ ಆಧಾರವಿರುತ್ತದೆ. ಇದಕ್ಕೆ ಹಾಜರಾತಿ, ಶಿಫ್ಟ್ ಪಟ್ಟಿ, ಮೇಲ್ವಿಚಾರಕರ ವಾಟ್ಸ್ಯಾಪ್ ಸೂಚನೆಗಳನ್ನು ಕೆಲಸದಲ್ಲಿರುವಾಗಲೇ ಕೂಡಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಗೇಟಿನಿಂದ ಹೊರಬಂದ ಮೇಲೆ ಅವು ಸಿಗುವುದು ಕಷ್ಟ.

ನೋಂದಾಯಿತ ಒಪ್ಪಂದದ ವಿವಾದವನ್ನು ಅದೇ ಕಾಯ್ದೆಯ 20ನೇ ಕಲಮಿನಂತೆ ಅಪ್ರೆಂಟಿಸ್‌ಶಿಪ್ ಸಲಹೆಗಾರರಿಗೆ (ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ಅಧಿಕಾರಿ) ಲಿಖಿತವಾಗಿ ಸಲ್ಲಿಸಬೇಕು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ. ನೋಂದಣಿಯಿಲ್ಲದವರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿ, ತಮ್ಮ ಪ್ರದೇಶದ ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟು, ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ಪಡೆದುಕೊಳ್ಳಬೇಕು.