ಬೆಂಗಳೂರಿನಲ್ಲಿ ಒಂಬತ್ತು ದಿನ, ಆಟೋ ಹತ್ತದೆ

ಕಳೆದ ದಸರಾ ರಜೆಯಲ್ಲಿ ಒಂಬತ್ತು ದಿನ ವಿದ್ಯಾರಣ್ಯಪುರದ ತಂಗಿಯ ಮನೆಯಲ್ಲಿದ್ದಾಗ ನಾನೂ ನಮ್ಮ ಮನೆಯವರೂ ಊರು ಸುತ್ತಿದ್ದೆಲ್ಲ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿಯೇ. ಧಾರವಾಡದವರಾದ ನಮಗೆ ಚಿಗರಿ ಬಸ್ಸಿನ ರೂಢಿ. ಅಲ್ಲಿ ನಿಲ್ದಾಣದಲ್ಲಿಯೇ ಟಿಕೆಟ್ ಕೊಂಡು, ಬಸ್ಸಿನ ನೆಲದ ಮಟ್ಟಕ್ಕಿರುವ ಕಟ್ಟೆಯಿಂದ ಒಳಗೆ ಕಾಲಿಟ್ಟರಾಯಿತು. ಹೋಗುವುದು ಹುಬ್ಬಳ್ಳಿಗೆ, ಬರುವುದು ಧಾರವಾಡಕ್ಕೆ, ಯಾರನ್ನೂ ಏನೂ ಕೇಳಬೇಕಾಗಿಲ್ಲ. ಆ ಅಭ್ಯಾಸದಲ್ಲಿಯೇ ರೈಲು ಇಳಿದು ಮೆಜೆಸ್ಟಿಕ್ಕಿಗೆ ಬಂದು ನಿಂತಾಗ, ನಾಲ್ಕೂ ಕಡೆಯಿಂದ ನುಗ್ಗಿ ಬರುವ ಬಸ್ಸುಗಳಲ್ಲಿ ನಮ್ಮದು ಯಾವುದೆಂದು ತಿಳಿಯದೆ ಅರ್ಧ ಗಂಟೆ ಕಳೆದೆವು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದ ಈ ನಿಲ್ದಾಣವನ್ನು ಎಲ್ಲರೂ ಮೆಜೆಸ್ಟಿಕ್ ಎಂದೇ ಕರೆದರೂ ಫಲಕಗಳಲ್ಲಿ ಇರುವುದು ಕೆಂಪೇಗೌಡ ಬಸ್ ನಿಲ್ದಾಣವೆಂದು. ಹಾಗೆಯೇ ಜನರ ಬಾಯಲ್ಲಿ ಬರಿಯ ‘ಮಾರ್ಕೆಟ್’ ಎಂದರೆ ಕೃಷ್ಣರಾಜ ಮಾರುಕಟ್ಟೆ. ಹೊಸಬರು ಎರಡೂ ಹೆಸರುಗಳನ್ನು ತಿಳಿದಿರಬೇಕು.

ನಮ್ಮ ತೊಡಕು ಬಿಡಿಸಿದ್ದು ಬಸ್ಸಿನ ಸಂಖ್ಯೆಗಳು. ಮೂರನೆಯ ದಿನ ನನ್ನ ಗಮನಕ್ಕೆ ಬಂದ ಸಂಗತಿಯೆಂದರೆ, ಮೆಜೆಸ್ಟಿಕ್ಕನ್ನು ನಡುವೆ ಇಟ್ಟುಕೊಂಡು ನೋಡಿದರೆ ಈ ಸಂಖ್ಯೆಗಳು ಹೆಚ್ಚುಕಡಿಮೆ ಊರಿನ ಪ್ರದಕ್ಷಿಣೆ ಹಾಕುತ್ತವೆ. ದಕ್ಷಿಣದ ಉತ್ತರಹಳ್ಳಿಗೆ 210, ಅಲ್ಲಿಂದ ಪಶ್ಚಿಮಕ್ಕೆ ಹೊರಳಿದರೆ ಮೈಸೂರು ರಸ್ತೆಗೆ 225, ನೆಲಮಂಗಲದ ಕಡೆಗೆ 258, ಉತ್ತರದಲ್ಲಿ ನಮ್ಮ ವಿದ್ಯಾರಣ್ಯಪುರಕ್ಕೆ 276, ಯಲಹಂಕಕ್ಕೆ 285, ಪೂರ್ವದಲ್ಲಿ ಹೊಸಕೋಟೆಗೆ 317, ವೈಟ್‌ಫೀಲ್ಡ್ ಕಡೆಗೆ 335, ಮತ್ತೆ ದಕ್ಷಿಣಕ್ಕೆ ಇಳಿದು ಹೊಸೂರು ರಸ್ತೆಗೆ 356, ಬನ್ನೇರುಘಟ್ಟಕ್ಕೆ 365. ಇದಕ್ಕೆ ಹೊರತಾದವು ಬೇಕಾದಷ್ಟಿವೆ. ಆದರೆ ಈ ಪ್ರದಕ್ಷಿಣೆ ಒಮ್ಮೆ ತಲೆಯಲ್ಲಿ ಕುಳಿತ ಮೇಲೆ, ದೂರದಿಂದ ಬರುತ್ತಿರುವ ಬಸ್ಸು ನಮ್ಮ ದಿಕ್ಕಿನದೋ ಅಲ್ಲವೋ ಎಂಬುದು ಊರಿನ ಹೆಸರು ಓದುವ ಮೊದಲೇ ತಿಳಿಯತೊಡಗಿತು. ಭೂಗೋಳ ಪಾಠ ಮಾಡುವ ನನಗೆ ಇದರಿಂದಾದ ಸಂತೋಷವನ್ನು ನಮ್ಮ ಮನೆಯವರು ಅಷ್ಟಾಗಿ ಹಂಚಿಕೊಳ್ಳಲಿಲ್ಲ.

ಸಂಖ್ಯೆಯ ಪಕ್ಕದ ಅಕ್ಷರವನ್ನು ಮಾತ್ರ ನಾನು ಹಗುರವಾಗಿ ಎಣಿಸಿದ್ದೆ. ಎಚ್‌ಎಸ್‌ಆರ್ ಬಡಾವಣೆಯ ನೆಂಟರ ಮನೆಯಿಂದ ಮರಳುವಾಗ ಸಿಲ್ಕ್ ಬೋರ್ಡ್ ಬಳಿ ನಿಂತು ಹೆಬ್ಬಾಳಕ್ಕೆ ಹೋಗುವ 500-ಡಿ ಬಸ್ಸಿಗೆ ಕಾಯುತ್ತಿದ್ದೆವು. ಐನೂರರ ಸರಣಿಯ ಬಸ್ಸುಗಳು ಹೊರವರ್ತುಲ ರಸ್ತೆಯಲ್ಲಿ ಓಡುವಂಥವು ಎಂದು ತಂಗಿ ಹೇಳಿದ್ದಳು. 500 ಎಂಬುದು ಕಂಡದ್ದೇ ತಡ, ಇಬ್ಬರೂ ಹತ್ತಿದೆವು. ಜನಜಂಗುಳಿಯಲ್ಲಿ ಕಂಡಕ್ಟರ್ ನನ್ನ ಬಳಿ ಬಂದು ಮುಟ್ಟುವಷ್ಟರಲ್ಲಿ ಮಾರತಹಳ್ಳಿ ಸಮೀಪಿಸಿತ್ತು. ಹೆಬ್ಬಾಳ ಎಂದೆ. “ಇದು ಸಿಎ ಮೇಡಂ, ಐಟಿಪಿಎಲ್‌ಗೆ ಹೋಗೋದು. ಮುಂದೆ ಬಲಕ್ಕೆ ತಿರುಗಿಬಿಡುತ್ತೆ, ಮಾರತಹಳ್ಳೀಲೇ ಇಳ್ಕೊಳ್ಳಿ” ಎಂದವರು ಅಲ್ಲಿಗೇ ಟಿಕೆಟ್ ಹರಿದುಕೊಟ್ಟು, ನಿಲ್ದಾಣ ಬಂದಾಗ “ಹೋಲ್ಡಾನ್” ಎಂದು ಕೂಗಿ ನಮ್ಮನ್ನು ಇಳಿಸಿಯೇ “ರೈಟ್” ಅಂದರು. ಕಾಲು ಗಂಟೆಯಲ್ಲಿ 500-ಡಿ ಬಂತು. ಅಂದಿನಿಂದ ಹತ್ತುವ ಮೊದಲು ಬಾಗಿಲ ಬಳಿ ಒಂದು ಮಾತು ಕೇಳುವುದನ್ನು ರೂಢಿ ಮಾಡಿಕೊಂಡೆ. ಹಾಗೆ ಕೇಳುವಾಗ ‘ಈ ಬಸ್ಸು ಎಲ್ಲಿಗೆ ಹೋಗುತ್ತದೆ’ ಎನ್ನುವುದಕ್ಕಿಂತ ‘ಹೆಬ್ಬಾಳಕ್ಕೆ ಹೋಗುತ್ತಾ’ ಎಂದರೆ ಒಂದು ತಲೆಯಾಡಿಕೆಯಲ್ಲಿ ಉತ್ತರ ಸಿಗುತ್ತದೆ.

ಹೀಗೆ ಬಸ್ಸು ತಪ್ಪಿ ಹತ್ತಿದರೂ ನಮಗೆ ಹಣದ ನಷ್ಟವಾಗಲಿಲ್ಲ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ. ಕರ್ನಾಟಕದ ವಿಳಾಸವಿರುವ ಆಧಾರ್ ಕಾರ್ಡನ್ನು ಪರ್ಸಿನ ಹೊರ ಕಿಸೆಯಲ್ಲಿಯೇ ಇಟ್ಟುಕೊಂಡಿದ್ದೆ. ಉಚಿತವೆಂದು ಸುಮ್ಮನೆ ಕೂರುವಂತಿಲ್ಲ. ಇಳಿಯುವ ನಿಲ್ದಾಣ ಹೇಳಿ ಶೂನ್ಯ ದರದ ಟಿಕೆಟ್ ಪಡೆದು ಕೈಯಲ್ಲಿಟ್ಟುಕೊಳ್ಳಲೇಬೇಕು. ಮನೆಯವರಿಗೆ ದಿನದ ಪಾಸು: 2025ರ ಜನವರಿಯಲ್ಲಿ ದರ ಏರಿದ ಮೇಲೆ ಅದಕ್ಕೆ 80 ರೂಪಾಯಿ. ದಿನಕ್ಕೆ ನಾಲ್ಕಾರು ಬಸ್ಸು ಬದಲಿಸುವವರಿಗೆ ಅದು ಲಾಭವೇ. ಹೋಗಿ ಬರುವುದಷ್ಟೇ ಇದ್ದರೆ ಬಿಡಿ ಟಿಕೆಟ್ ಸಾಕು. ಹವಾನಿಯಂತ್ರಿತ ವಜ್ರ ಬಸ್ಸಿನಲ್ಲಿ ನನ್ನ ಶೂನ್ಯ ಟಿಕೆಟ್ಟೂ ನಡೆಯದು, ಅವರ ಸಾಮಾನ್ಯ ಪಾಸೂ ನಡೆಯದು. ವಿಮಾನ ನಿಲ್ದಾಣಕ್ಕೆ ಹೋಗುವ ವಾಯು ವಜ್ರದ್ದೂ ಅದೇ ಲೆಕ್ಕ.

ಪಾಸು ಕೊಳ್ಳದ ಒಂದು ದಿನ ಅವರು ಚಿಲ್ಲರೆಯಿಲ್ಲದೆ ಇನ್ನೂರರ ನೋಟು ಕೊಟ್ಟಾಗ, ಕಂಡಕ್ಟರ್ ಟಿಕೆಟ್ಟಿನ ಬೆನ್ನ ಮೇಲೆ ಬಾಕಿ ಮೊತ್ತವನ್ನು ಗೀಚಿ, ಸುತ್ತ ಒಂದು ಸೊನ್ನೆ ಎಳೆದು ಕೊಟ್ಟರು. ಆ ಚೀಟಿಯನ್ನು ಬೆರಳ ಸಂದಿಯಲ್ಲಿಯೇ ಹಿಡಿದಿದ್ದು, ಇಳಿಯುವುದಕ್ಕೆ ಎರಡು ನಿಲ್ದಾಣ ಮುಂಚೆ ಕಂಡಕ್ಟರಿಗೆ ತೋರಿಸಿ ಹಣ ಪಡೆಯಬೇಕು. ನಮ್ಮವರು ಅದನ್ನು ಕಿಸೆಗೆ ಹಾಕಿ ನಿದ್ದೆ ಹೋದರು. ಇಳಿದ ಮೇಲೆ ನೆನಪಾಗಿ, ಸಿಗ್ನಲ್‌ನಲ್ಲಿ ನಿಂತಿದ್ದ ಬಸ್ಸಿನ ಹಿಂದೆ ಓಡಿ ಹಣ ಪಡೆದು ಬಂದರು. ಈಗ ಮೊಬೈಲಿನಲ್ಲಿ ಕ್ಯೂಆರ್ ಸಂಕೇತ ಹಿಡಿದು ಪಾವತಿ ಮಾಡಬಹುದಾದ್ದರಿಂದ ಇದನ್ನು ಸುಲಭವಾಗಿ ತಪ್ಪಿಸಬಹುದು.

ಹೆಂಗಸರಿಗೆ ಮುಂದಿನ ಆಸನಗಳಾದ್ದರಿಂದ ತುಂಬಿದ ಬಸ್ಸಿನಲ್ಲಿ ಗಂಡ ಹೆಂಡತಿ ಬೇರೆ ಬೇರೆಯಾಗಿಯೇ ಪ್ರಯಾಣ ಮಾಡಬೇಕಾಗುತ್ತದೆ. ಇಳಿಯುವ ನಿಲ್ದಾಣದ ಜೊತೆಗೆ ಅದರ ಹಿಂದಿನ ನಿಲ್ದಾಣದ ಹೆಸರನ್ನೂ ಮೊದಲೇ ಮಾತಾಡಿಕೊಂಡು, ಅಲ್ಲಿಗೆ ಬಂದೊಡನೆ ಇಬ್ಬರೂ ಬಾಗಿಲ ಕಡೆಗೆ ಸರಿಯತೊಡಗುತ್ತಿದ್ದೆವು. ಬೆಳಿಗ್ಗೆ ಕಚೇರಿ ಗದ್ದಲ ತಗ್ಗಿದ ಮೇಲೆ, ಹನ್ನೊಂದರ ಸುಮಾರಿಗೆ ಹೊರಡುವುದು ನಮ್ಮ ಕ್ರಮವಾಗಿತ್ತು. ಸಂಜೆ ತಡವಾದರೆ ಮೆಜೆಸ್ಟಿಕ್ಕಿನವರೆಗೆ ಹೋಗಿ, ಬಸ್ಸು ಹೊರಡುವ ಜಾಗದಲ್ಲಿಯೇ ಹತ್ತಿ ಕೂರುತ್ತಿದ್ದೆವು. ಕೊನೆಯ ದಿನ ಎರಡು ಪೆಟ್ಟಿಗೆಗಳಿದ್ದವು. ತಂಗಿಯ ಮನೆಯ ಎದುರಿನ ನಿಲ್ದಾಣ ಬಿಟ್ಟು, ಹತ್ತು ನಿಮಿಷ ಹಿಂದಕ್ಕೆ ನಡೆದು, 276 ಹೊರಡುವ ಕೊನೆಯ ನಿಲ್ದಾಣಕ್ಕೇ ಹೋದೆವು. ಖಾಲಿ ಬಸ್ಸಿನಲ್ಲಿ ಪೆಟ್ಟಿಗೆಗಳನ್ನು ಕಾಲ ಬಳಿ ಇಟ್ಟುಕೊಂಡು, ಒಂಬತ್ತು ದಿನಗಳಲ್ಲಿ ಮೊದಲ ಸಲ ಇಬ್ಬರೂ ಅಕ್ಕಪಕ್ಕದಲ್ಲಿ ಕುಳಿತು ಮೆಜೆಸ್ಟಿಕ್ ತಲುಪಿದೆವು.